1973–74ರ ರಣಜಿ ಟ್ರೋಫಿ ಮತ್ತು ಕರ್ನಾಟಕ ತಂಡ

1973–74ರ ರಣಜಿ ಟ್ರೋಫಿಯು ಭಾರತದ ರಾಷ್ಟ್ರೀಯ ಪ್ರಥಮ ದರ್ಜೆ ಕ್ರಿಕೆಟ್ ಸ್ಪರ್ಧೆಯ ನಲವತ್ತನೆಯ ಹಂಗಾಮು. ಈ ಹಂಗಾಮಿನಲ್ಲಿ ಎರಪಳ್ಳಿ ಪ್ರಸನ್ನ ಅವರ ನಾಯಕತ್ವದ ಕರ್ನಾಟಕ ತಂಡವು ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಗೆದ್ದಿತು. ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್ ಪಂದ್ಯದಲ್ಲಿ ಮುಂಬಯಿ ತಂಡವನ್ನು ಮೊದಲ ಇನಿಂಗ್ಸಿನ ಮುನ್ನಡೆಯ ಆಧಾರದ ಮೇಲೆ ಹಿಂದಿಕ್ಕಿದ ಕರ್ನಾಟಕವು, ಜೈಪುರದಲ್ಲಿ ನಡೆದ ಫೈನಲ್ ಪಂದ್ಯದಲ್ಲಿ ರಾಜಸ್ಥಾನ ತಂಡವನ್ನು 185 ರನ್ನುಗಳಿಂದ ಸೋಲಿಸಿತು. 1958–59ರಿಂದ ಸತತವಾಗಿ ಹದಿನೈದು ವರ್ಷ ಪ್ರಶಸ್ತಿಯನ್ನು ತನ್ನಲ್ಲೇ ಉಳಿಸಿಕೊಂಡಿದ್ದ ಮುಂಬಯಿಯ ಆಳ್ವಿಕೆಯು ಇದರೊಂದಿಗೆ ಕೊನೆಗೊಂಡಿತು. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಅಧಿಕೃತವಾಗಿ ಬಂದದ್ದು 1973ರ ನವೆಂಬರ್ 1ರಂದು. ಆದ್ದರಿಂದ ಹೊಸ ಹೆಸರಿನಲ್ಲಿ ಆಡಿದ ಮೊದಲ ಹಂಗಾಮಿನಲ್ಲಿಯೇ ರಾಜ್ಯದ ತಂಡವು ರಾಷ್ಟ್ರಮಟ್ಟದ ಪ್ರಶಸ್ತಿಯನ್ನು ತಂದಿತು.

ಹೆಸರಿನ ಹಿನ್ನೆಲೆ

1956ರ ನವೆಂಬರ್ 1ರಂದು ಕನ್ನಡ ಮಾತನಾಡುವ ಪ್ರದೇಶಗಳು ಒಂದಾದಾಗ ರೂಪುಗೊಂಡ ರಾಜ್ಯಕ್ಕೆ ‘ಮೈಸೂರು’ ಎಂಬ ಹಳೆಯ ಹೆಸರೇ ಮುಂದುವರಿಯಿತು. ಹಳೆಯ ಮೈಸೂರು ಸಂಸ್ಥಾನದ ಜನರಿಗೆ ಇದರಲ್ಲಿ ವಿಶೇಷವೇನೂ ಕಾಣಿಸದೆ ಇರಬಹುದು. ಆದರೆ ಉತ್ತರದ ಜಿಲ್ಲೆಗಳವರ ಸ್ಥಿತಿ ಬೇರೆ. ವಿಜಾಪುರ, ಧಾರವಾಡ, ಬೆಳಗಾವಿ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಅಲ್ಲಿಯವರೆಗೆ ಮುಂಬಯಿ ಪ್ರಾಂತ್ಯದಲ್ಲಿದ್ದವು. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಬೀಳಗಿ ಅಂದು ವಿಜಾಪುರ ಜಿಲ್ಲೆಯ ಭಾಗ. ನೆರೆಯ ಜಮಖಂಡಿ ಮತ್ತು ಮುಧೋಳಗಳು 1948ರವರೆಗೆ ಪ್ರತ್ಯೇಕ ಸಂಸ್ಥಾನಗಳಾಗಿದ್ದು, ಆ ವರ್ಷ ಮುಂಬಯಿ ಪ್ರಾಂತ್ಯದಲ್ಲಿ ವಿಲೀನಗೊಂಡಿದ್ದವು. ವಿಜಾಪುರದಲ್ಲಿ ಹುಟ್ಟಿದ ಆಲೂರು ವೆಂಕಟರಾಯರು 1917ರಲ್ಲಿಯೇ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿ, ಈ ನಾಡನ್ನು ಒಂದು ಹೆಸರಿನಿಂದ ಕರೆದುಕೊಳ್ಳುವ ಅಭಿಮಾನವನ್ನು ಬಿತ್ತಿದ್ದರು. ಅವರು 1964ರಲ್ಲಿ ತೀರಿಕೊಂಡರು. ಆ ಹೆಸರು ರಾಜ್ಯದ ಹೆಸರಾಗುವುದನ್ನು ಕಾಣಲಿಲ್ಲ. ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ 1972ರಲ್ಲಿ ವಿಧಾನಮಂಡಲವು ಮರುನಾಮಕರಣದ ನಿರ್ಣಯವನ್ನು ಅಂಗೀಕರಿಸಿತು, ಮರುವರ್ಷ ಅದು ಜಾರಿಗೆ ಬಂದಿತು.

1933ರಲ್ಲಿ ಸ್ಥಾಪನೆಗೊಂಡಿದ್ದ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯು ಇದನ್ನನುಸರಿಸಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯಾಯಿತು. ತಂಡ ಹಳೆಯದೇ, ಆಟಗಾರರೂ ಹಳಬರೇ. ಬದಲಾದದ್ದು ಹೆಸರು ಮಾತ್ರ. ದಾಖಲೆ ಪುಸ್ತಕಗಳು ಮೈಸೂರು ಮತ್ತು ಕರ್ನಾಟಕಗಳನ್ನು ಒಂದೇ ತಂಡವೆಂದು ಪರಿಗಣಿಸುತ್ತವೆ. ಈ ಕಾರಣದಿಂದ ‘ಮೊದಲ ಪ್ರಶಸ್ತಿ’ ಎಂಬ ಮಾತಿನ ಅರ್ಥವನ್ನು ಸ್ವಲ್ಪ ಬಿಡಿಸಿ ತಿಳಿಯಬೇಕು. ಅದು ಒಂದು ಹೊಸ ತಂಡದ ಮೊದಲ ವರ್ಷದ ಗೆಲುವಾಗಿರಲಿಲ್ಲ. ನಲವತ್ತು ವರ್ಷ ಕಾದಿದ್ದ ತಂಡವೊಂದರ ಗೆಲುವಾಗಿತ್ತು.

ಮೈಸೂರು ತಂಡ ನಡೆದುಬಂದ ದಾರಿ

ರಣಜಿ ಟ್ರೋಫಿಯ ಇತಿಹಾಸದ ಮೊಟ್ಟಮೊದಲ ಪಂದ್ಯವನ್ನು ಆಡಿದ ಎರಡು ತಂಡಗಳಲ್ಲಿ ಮೈಸೂರು ಒಂದು. 1934ರ ನವೆಂಬರ್ 4ರಂದು ಮದ್ರಾಸಿನ ಚೆಪಾಕ್ ಮೈದಾನದಲ್ಲಿ ಆರಂಭವಾದ ಆ ಪಂದ್ಯ ಅಂದೇ ಸಂಜೆ ಮುಗಿದುಹೋಯಿತು. ಮೈಸೂರು ಮೊದಲ ಇನಿಂಗ್ಸಿನಲ್ಲಿ 48, ಎರಡನೆಯದರಲ್ಲಿ 59 ರನ್ ಗಳಿಸಿತು. ಮದ್ರಾಸು ಗಳಿಸಿದ 130 ರನ್ನುಗಳನ್ನು ಎರಡು ಇನಿಂಗ್ಸುಗಳಿಂದಲೂ ಮುಟ್ಟಲಾಗಲಿಲ್ಲ. ಮದ್ರಾಸಿನ ಎ. ಜಿ. ರಾಮ್‌ಸಿಂಗ್ ಹನ್ನೊಂದು ವಿಕೆಟ್ ಪಡೆದರು. ಇಷ್ಟು ದೀನ ಆರಂಭವನ್ನು ಕಂಡ ತಂಡಗಳು ಕಡಿಮೆ.

ಆನಂತರ ಮೈಸೂರು ಎರಡು ಬಾರಿ ಫೈನಲ್ ತಲುಪಿತು, ಎರಡೂ ಬಾರಿ ಎದುರಿದ್ದದ್ದು ಮುಂಬಯಿ. 1941–42ರಲ್ಲಿ ಒಂದು ಇನಿಂಗ್ಸ್ ಮತ್ತು 281 ರನ್ನುಗಳಿಂದಲೂ, 1959–60ರಲ್ಲಿ ಒಂದು ಇನಿಂಗ್ಸ್ ಮತ್ತು 22 ರನ್ನುಗಳಿಂದಲೂ ಮೈಸೂರು ಸೋತಿತು.

1960ರ ದಶಕದಲ್ಲಿ ಪರಿಸ್ಥಿತಿ ಬದಲಾಯಿತು. ಬೆಂಗಳೂರಿನ ಆಫ್ ಸ್ಪಿನ್ ಬೌಲರ್ ಪ್ರಸನ್ನ 1961–62ರಲ್ಲಿ, ಮೈಸೂರಿನ ಭಾಗವತ್ ಚಂದ್ರಶೇಖರ್ 1963–64ರಲ್ಲಿ ತಂಡಕ್ಕೆ ಬಂದರು. ವಿ. ಸುಬ್ರಹ್ಮಣ್ಯ ನಾಯಕರಾಗಿದ್ದ ಕಾಲದಲ್ಲಿ ಭದ್ರಾವತಿಯ ಹುಡುಗನೊಬ್ಬ ತಂಡಕ್ಕೆ ಆಯ್ಕೆಯಾದ. 1967–68ರಲ್ಲಿ ವಿಜಯವಾಡದಲ್ಲಿ ಆಂಧ್ರದ ವಿರುದ್ಧ ತನ್ನ ಮೊದಲ ಪಂದ್ಯದಲ್ಲಿಯೇ 230 ರನ್ ಗಳಿಸಿದ ಆ ಹುಡುಗನೇ ಗುಂಡಪ್ಪ ವಿಶ್ವನಾಥ್. ಎರಡು ವರ್ಷಗಳ ಬಳಿಕ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಟೆಸ್ಟ್ ಕ್ರಿಕೆಟ್‌ಗೆ ಕಾಲಿಟ್ಟು, ಮೊದಲ ಇನಿಂಗ್ಸಿನಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ರನ್ ಹೊಡೆದರು. ತಂಡದಲ್ಲಿ ಜಾಗತಿಕ ಮಟ್ಟದ ಆಟಗಾರರಿದ್ದರು. ಕೊರತೆಯಿದ್ದದ್ದು ಮುಂಬಯಿಯನ್ನು ಸೋಲಿಸಬಹುದೆಂಬ ನಂಬಿಕೆಗೆ.

ಮುಂಬಯಿಯ ಹದಿನೈದು ವರ್ಷ

ಅಂದು ‘ಬಾಂಬೆ’ ಎಂಬ ಹೆಸರಿನಲ್ಲಿ ಆಡುತ್ತಿದ್ದ ಮುಂಬಯಿ ತಂಡವು 1972–73ರ ಕೊನೆಗೆ ನಡೆದಿದ್ದ ಮೂವತ್ತೊಂಬತ್ತು ಹಂಗಾಮುಗಳಲ್ಲಿ ಇಪ್ಪತ್ತನಾಲ್ಕನ್ನು ಗೆದ್ದಿತ್ತು. ಮುಂಬಯಿ ಅಲ್ಲದ ತಂಡವೊಂದು ಕೊನೆಯ ಬಾರಿಗೆ ಗೆದ್ದದ್ದು 1957–58ರಲ್ಲಿ, ಆ ತಂಡ ಬರೋಡ. ಅಲ್ಲಿಂದ ಮುಂದೆ ಪ್ರಶಸ್ತಿ ಯಾರದೆಂಬ ಪ್ರಶ್ನೆಯೇ ಇಲ್ಲದಂತಾಗಿ, ಮುಂಬಯಿಯ ಎದುರು ಫೈನಲ್ ಆಡುವವರು ಯಾರೆಂಬುದಷ್ಟೇ ಕುತೂಹಲದ ವಿಷಯವಾಗಿತ್ತು. ರಾಜಸ್ಥಾನವೊಂದೇ ಈ ಅವಧಿಯಲ್ಲಿ ಏಳು ಬಾರಿ ಫೈನಲ್ ತಲುಪಿ ಏಳು ಬಾರಿಯೂ ಸೋತಿತ್ತು.

ಈ ಪ್ರಾಬಲ್ಯಕ್ಕೆ ಕೆಲವು ತಾರೆಗಳಷ್ಟೇ ಕಾರಣವಾಗಿರಲಿಲ್ಲ. ಶಾಲಾ ಬಾಲಕರ ಹ್ಯಾರಿಸ್ ಮತ್ತು ಗೈಲ್ಸ್ ಶೀಲ್ಡ್ ಪಂದ್ಯಗಳು, ಕಚೇರಿಗಳ ನಡುವಿನ ಟೈಮ್ಸ್ ಶೀಲ್ಡ್, ಮಳೆಗಾಲದ ಒದ್ದೆ ನೆಲದ ಮೇಲೆ ನಡೆಯುವ ಕಾಂಗಾ ಲೀಗ್ ಎಂಬ ಮೆಟ್ಟಿಲುಗಳನ್ನು ಹತ್ತಿ ಬಂದವರೇ ಆ ತಂಡದ ಬಾಗಿಲು ತಟ್ಟಬೇಕಿತ್ತು. ಇದರ ಫಲ 1970–71ರಲ್ಲಿ ಸ್ಪಷ್ಟವಾಗಿ ಕಂಡಿತು. ಅಜಿತ್ ವಾಡೇಕರ್, ಸುನಿಲ್ ಗಾವಸ್ಕರ್ ಮೊದಲಾದವರು ಭಾರತದ ಪರವಾಗಿ ವೆಸ್ಟ್ ಇಂಡೀಸ್ ಪ್ರವಾಸದಲ್ಲಿದ್ದಾಗ, ಸುಧೀರ್ ನಾಯಕ್ ನೇತೃತ್ವದ ಉಳಿದವರ ತಂಡವೇ ಮಹಾರಾಷ್ಟ್ರವನ್ನು ಫೈನಲಿನಲ್ಲಿ ಸೋಲಿಸಿತು. 1972–73ರ ಫೈನಲ್ ಇನ್ನೂ ಕಠೋರವಾದುದು. ಚೆಪಾಕ್‌ನಲ್ಲಿ ತಮಿಳುನಾಡಿಗೆ ಅನುಕೂಲವಾಗಲೆಂದು ಸ್ಪಿನ್‌ಗೆ ಒದಗುವ ಪಿಚ್ ಇತ್ತು. ಅದೇ ಪಿಚ್ಚಿನಲ್ಲಿ ಮುಂಬಯಿಯ ಎಡಗೈ ಸ್ಪಿನ್ನರ್ ಪದ್ಮಾಕರ್ ಶಿವಾಲ್ಕರ್ 16 ರನ್ನಿಗೆ 8, ಬಳಿಕ 18 ರನ್ನಿಗೆ 5 ವಿಕೆಟ್ ಪಡೆದರು. ಪಂದ್ಯ ಮೂರನೆಯ ದಿನದ ಮೊದಲ ಎಸೆತಕ್ಕೆ ಮುಗಿಯಿತು. ಸ್ವಂತ ನೆಲದಲ್ಲಿ, ಸ್ವಂತ ಅಸ್ತ್ರದಿಂದಲೇ ಎದುರಾಳಿ ಸೋಲುವುದನ್ನು ದಕ್ಷಿಣದವರು ಕಣ್ಣಾರೆ ಕಂಡು ಒಂದು ವರ್ಷವಾಗಿತ್ತು, ಅಷ್ಟೆ.

ಸ್ಪರ್ಧೆಯ ಸ್ವರೂಪ

ಆಗಿನ ರಣಜಿ ಟ್ರೋಫಿಯಲ್ಲಿ ದೇಶವನ್ನು ಐದು ವಲಯಗಳಾಗಿ ವಿಂಗಡಿಸಲಾಗಿತ್ತು. ದಕ್ಷಿಣ ವಲಯದಲ್ಲಿ ಕರ್ನಾಟಕದೊಂದಿಗೆ ತಮಿಳುನಾಡು, ಹೈದರಾಬಾದ್, ಆಂಧ್ರ ಮತ್ತು ಕೇರಳ ತಂಡಗಳಿದ್ದವು. ವಲಯದ ಲೀಗ್ ಮುಗಿದ ಮೇಲೆ ನಾಕೌಟ್ ಪಂದ್ಯಗಳು. ನಾಕೌಟ್ ಹಂತದ ಒಂದು ನಿಯಮವನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು. ಎರಡೂ ತಂಡಗಳ ಎರಡೆರಡು ಇನಿಂಗ್ಸುಗಳು ನಿಗದಿತ ಅವಧಿಯಲ್ಲಿ ಮುಗಿದು ಫಲಿತಾಂಶ ಬರದೆ ಪಂದ್ಯ ಡ್ರಾ ಆದರೆ, ಮೊದಲ ಇನಿಂಗ್ಸಿನಲ್ಲಿ ಹೆಚ್ಚು ರನ್ ಗಳಿಸಿದ ತಂಡವೇ ಮುಂದಿನ ಸುತ್ತಿಗೆ ಹೋಗುತ್ತದೆ. ಆದ್ದರಿಂದ ಮೊದಲ ಇನಿಂಗ್ಸೇ ಬಹುಪಾಲು ಪಂದ್ಯವನ್ನು ತೀರ್ಮಾನಿಸುತ್ತಿತ್ತು. ಒಂದು ರನ್ನಿನ ಮುನ್ನಡೆಯೂ ಸಾಕಾಗುತ್ತಿತ್ತು.

ತಂಡ

ನಾಯಕ ಪ್ರಸನ್ನ ಅವರಿಗೆ ಆಗ ಮೂವತ್ಮೂರು ವರ್ಷ. ಎಂಜಿನಿಯರಿಂಗ್ ವ್ಯಾಸಂಗಕ್ಕಾಗಿ ಟೆಸ್ಟ್ ಕ್ರಿಕೆಟ್‌ನಿಂದ ಕೆಲವು ವರ್ಷ ದೂರವಿದ್ದು, ಪದವಿ ಪಡೆದು ಮರಳಿದವರು ಅವರು. ಚೆಂಡನ್ನು ದಾಂಡಿಗನ ಕಣ್ಣಿನ ಮಟ್ಟಕ್ಕಿಂತ ಮೇಲೆ ತೇಲಿಸಿ, ಇನ್ನೇನು ಕೈಗೆ ಸಿಕ್ಕಿತೆಂದು ಆತ ಮುಂದೆ ಬಂದಾಗ ಅವನ ಅಂದಾಜಿಗಿಂತ ಮೊದಲೇ ನೆಲಕ್ಕೆ ಇಳಿಸುವುದು ಅವರ ಬೌಲಿಂಗಿನ ಮರ್ಮ. ಅವರ ಜೊತೆಗಾರ ಚಂದ್ರಶೇಖರ್ ಇದಕ್ಕೆ ಪೂರ್ಣ ವಿರುದ್ಧ. ಬಾಲ್ಯದಲ್ಲಿ ಪೋಲಿಯೋ ತಗಲಿ ಸೊರಗಿದ್ದ ಬಲಗೈಯಿಂದಲೇ ಅವರು ಬೌಲಿಂಗ್ ಮಾಡುತ್ತಿದ್ದರು. ಅವರ ಲೆಗ್ ಬ್ರೇಕ್ ಮತ್ತು ಗೂಗ್ಲಿಗಳು ಸ್ಪಿನ್ ಬೌಲರನೊಬ್ಬನ ಎಸೆತಗಳೆಂದು ನಂಬಲಾಗದ ವೇಗದಲ್ಲಿ ಬರುತ್ತಿದ್ದವು. 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು, ಭಾರತಕ್ಕೆ ಇಂಗ್ಲೆಂಡ್ ನೆಲದ ಮೊದಲ ಟೆಸ್ಟ್ ಗೆಲುವನ್ನು ತಂದವರು ಅವರೇ. ಒಬ್ಬರು ತಾಳ್ಮೆಯಿಂದ ಬಲೆ ಹೆಣೆಯುವವರು, ಇನ್ನೊಬ್ಬರು ಯಾವ ಎಸೆತ ಏನಾಗುವುದೋ ತಮಗೇ ಖಚಿತವಿಲ್ಲದಂತೆ ಎರಗುವವರು. ಒಂದು ರಾಜ್ಯದ ತಂಡಕ್ಕೆ ಏಕಕಾಲದಲ್ಲಿ ಇಂಥ ಇಬ್ಬರು ದೊರೆತದ್ದು ಅಪರೂಪ.

ಬ್ಯಾಟಿಂಗಿನ ಭಾರ ವಿಶ್ವನಾಥ್ ಅವರ ಮೇಲಿತ್ತು. ಅವರೊಂದಿಗೆ ಇಪ್ಪತ್ತೊಂದರ ಹರೆಯದ ಬ್ರಿಜೇಶ್ ಪಟೇಲ್. ಬರೋಡದಲ್ಲಿ ಹುಟ್ಟಿ ಬೆಂಗಳೂರಿನವರೇ ಆಗಿಹೋದ ಇವರು ಇನ್ನೂ ಟೆಸ್ಟ್ ಆಡಿರಲಿಲ್ಲ. ವಿಕೆಟ್ ಕೀಪರ್ ಸೈಯದ್ ಕಿರ್ಮಾನಿ ಭಾರತ ತಂಡದೊಂದಿಗೆ ಪ್ರವಾಸ ಮಾಡಿದ್ದರೂ, ಫರೂಖ್ ಎಂಜಿನಿಯರ್ ಅವರ ಹಿಂದೆ ತಮ್ಮ ಸರದಿಗಾಗಿ ಕಾಯುತ್ತಿದ್ದರು. ಇವರಲ್ಲದೆ ವಿ. ಎಸ್. ವಿಜಯಕುಮಾರ್, ಸಂಜಯ ದೇಸಾಯಿ, ಸುಧಾಕರ್ ರಾವ್, ಎ. ವಿ. ಜಯಪ್ರಕಾಶ್, ಕೆ. ಲಕ್ಷ್ಮಣ್, ಎಡಗೈ ಸ್ಪಿನ್ನರ್ ಬಿ. ವಿಜಯಕೃಷ್ಣ ಮೊದಲಾದವರು ಆ ಕಾಲದ ತಂಡದ ಬೆನ್ನೆಲುಬಾಗಿದ್ದರು. ಇಂದಿನ ಓದುಗರು ಗಮನಿಸಬೇಕಾದ ಸಂಗತಿಯೆಂದರೆ, ಇವರಾರಿಗೂ ಕ್ರಿಕೆಟ್ ಹೊಟ್ಟೆಪಾಡಾಗಿರಲಿಲ್ಲ. ಬ್ಯಾಂಕು ಹಾಗೂ ಕಾರ್ಖಾನೆಗಳ ನೌಕರಿಯೇ ಅಂದಿನ ಆಟಗಾರರ ಜೀವನಾಧಾರ. ವಿಶ್ವನಾಥ್ ಅವರು ಸ್ಟೇಟ್ ಬ್ಯಾಂಕಿನಲ್ಲಿದ್ದರು.

ಬೆಂಗಳೂರಿನ ಸೆಮಿಫೈನಲ್

ಕರ್ನಾಟಕ ಮತ್ತು ಮುಂಬಯಿ ತಂಡಗಳು 1974ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಸಂಸ್ಥೆಯ ಹೊಸ ಮೈದಾನದಲ್ಲಿ ಎದುರಾದವು. ಕಬ್ಬನ್ ಉದ್ಯಾನದ ಪಕ್ಕದ ಈ ಮೈದಾನಕ್ಕೆ 1970ರಲ್ಲಿ ಅಡಿಗಲ್ಲು ಹಾಕಲಾಗಿತ್ತು. ಇದೇ ಮುಂದೆ ಆಡಳಿತಗಾರ ಎಂ. ಚಿನ್ನಸ್ವಾಮಿ ಅವರ ಹೆಸರನ್ನು ಪಡೆಯಿತು. ಆಗಿನ್ನೂ ಅಲ್ಲಿ ಟೆಸ್ಟ್ ಪಂದ್ಯ ನಡೆದಿರಲಿಲ್ಲ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ; ಹೀಗಾಗಿ ಮೈದಾನದ ಹೊರಗಿದ್ದ ಕನ್ನಡಿಗರಿಗೆ ಈ ಹಂಗಾಮು ಕಂಡ ಆಟವಲ್ಲ, ರೇಡಿಯೋದಲ್ಲಿ ಕೇಳಿದ, ಮರುದಿನದ ಪತ್ರಿಕೆಯಲ್ಲಿ ಓದಿದ ಆಟ.

ಮುಂಬಯಿಯ ನಾಯಕ ವಾಡೇಕರ್ ಭಾರತದ ನಾಯಕರೂ ಆಗಿದ್ದರು. 1971ರಲ್ಲಿ ವೆಸ್ಟ್ ಇಂಡೀಸ್ ಹಾಗೂ ಇಂಗ್ಲೆಂಡ್ ತಂಡಗಳನ್ನು ಅವರವರ ನೆಲದಲ್ಲಿಯೇ ಸೋಲಿಸಿ, 1972–73ರಲ್ಲಿ ತವರಿನಲ್ಲಿ ಇಂಗ್ಲೆಂಡನ್ನು ಮತ್ತೆ ಮಣಿಸಿದವರು ಅವರು. ತಮ್ಮ ಮೊದಲ ಟೆಸ್ಟ್ ಸರಣಿಯಲ್ಲಿಯೇ 774 ರನ್ ಗಳಿಸಿದ್ದ ಗಾವಸ್ಕರ್, ಅಶೋಕ್ ಮಂಕಡ್, ಶಿವಾಲ್ಕರ್, ವೇಗದ ಬೌಲರ್ ಅಬ್ದುಲ್ ಇಸ್ಮಾಯಿಲ್ ಅವರ ಜೊತೆಗಿದ್ದರು.

ಕರ್ನಾಟಕದ ಮೊದಲ ಇನಿಂಗ್ಸಿನಲ್ಲಿ ವಿಶ್ವನಾಥ್ ಕ್ರೀಸಿಗೆ ಬಂದು ಎದುರಿಸಿದ ಮೊದಲ ಎಸೆತಕ್ಕೇ ಇಸ್ಮಾಯಿಲ್ ಎಲ್‌ಬಿಡಬ್ಲ್ಯುಗಾಗಿ ಜೋರಾಗಿ ಮನವಿ ಮಾಡಿದರೆಂದೂ, ಅಂಪೈರು ಅದನ್ನು ತಳ್ಳಿಹಾಕಿದರೆಂದೂ ಆ ಪಂದ್ಯವನ್ನು ಕಂಡವರು ಇಂದಿಗೂ ಹೇಳುತ್ತಾರೆ. ಬೆರಳು ಮೇಲೇಳದೆ ಉಳಿದ ಆ ಕ್ಷಣದ ಬೆಲೆ ಮುಂಬಯಿಗೆ ಬೇಗನೆ ತಿಳಿಯಿತು. ವಿಶ್ವನಾಥ್ 162 ರನ್ ಗಳಿಸಿದರು. ಮಣಿಕಟ್ಟನ್ನು ಹೊರಳಿಸಿ ಹೊಡೆಯುವ ಸ್ಕ್ವೇರ್ ಕಟ್ ಅವರ ಹೆಗ್ಗುರುತಾಗಿತ್ತು. ಕುಳ್ಳಗಿದ್ದ ಅವರು ಚೆಂಡು ತಮ್ಮನ್ನು ದಾಟಿಹೋಗುವವರೆಗೆ ಕಾದು ಹೊಡೆಯುತ್ತಿದ್ದರೆಂಬುದು ಸಮಕಾಲೀನರ ವರ್ಣನೆ. ಬ್ರಿಜೇಶ್ ಪಟೇಲ್ 106 ರನ್ ಗಳಿಸಿದರು. ಇಬ್ಬರೂ ಸೇರಿ ಗಳಿಸಿದ್ದು 268 ರನ್. ತಂಡದ ಒಟ್ಟು ಮೊತ್ತ 385. ಉಳಿದೆಲ್ಲ ಆಟಗಾರರು ಮತ್ತು ಇತರೆ ರನ್ನುಗಳು ಸೇರಿ ಕೊಟ್ಟದ್ದು 117 ಮಾತ್ರ ಎಂಬ ಲೆಕ್ಕವು, ಈ ಇಬ್ಬರಲ್ಲಿ ಒಬ್ಬರು ಬೇಗ ಔಟಾಗಿದ್ದರೂ ಚರಿತ್ರೆ ಬೇರೆಯಾಗುತ್ತಿತ್ತು ಎಂಬುದನ್ನು ಹೇಳುತ್ತದೆ.

385 ದೊಡ್ಡ ಮೊತ್ತವೇ, ಆದರೆ ಮುಂಬಯಿಯನ್ನು ಹೆದರಿಸುವ ಮೊತ್ತವೇನೂ ಅಲ್ಲ. ಅದರ ಬ್ಯಾಟಿಂಗ್ ಸರದಿಗೆ ಇಂಥ ಮೊತ್ತಗಳನ್ನು ದಾಟಿ ಅಭ್ಯಾಸವಿತ್ತು. ಮೊದಲ ದೊಡ್ಡ ತಿರುವನ್ನು ತಂದವರು ನಾಯಕರೇ. ನೆಲೆ ನಿಲ್ಲುತ್ತಿದ್ದ ಗಾವಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದರು. ರಕ್ಷಣಾತ್ಮಕ ಆಟದಲ್ಲಿ ಗಾವಸ್ಕರ್ ಅವರಿಗೆ ಸಾಟಿಯಿಲ್ಲವೆಂದು ಜಗತ್ತೇ ಹೇಳುತ್ತಿದ್ದ ಕಾಲದಲ್ಲಿ ಅವರ ರಕ್ಷಣೆಯನ್ನೇ ಭೇದಿಸಿ ಗೂಟ ಉರುಳಿಸಿದ ಆ ಎಸೆತ ಕರ್ನಾಟಕದ ಕ್ರಿಕೆಟ್ ಚರಿತ್ರೆಯಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ.

ಆದರೂ ಪಂದ್ಯ ಕರ್ನಾಟಕದ ಕೈಗೆ ಬಂದಿರಲಿಲ್ಲ. ವಾಡೇಕರ್ ಮತ್ತು ಅಶೋಕ್ ಮಂಕಡ್ ಜೊತೆಗೂಡಿ ನಿಂತರು. ಇಬ್ಬರೂ ಅರ್ಧಶತಕ ದಾಟಿದರು. ಸ್ಪಿನ್ ಬೌಲಿಂಗನ್ನು ಆಡುವುದರಲ್ಲಿ ಇಬ್ಬರೂ ನುರಿತವರು. ಮುನ್ನಡೆ ಮುಂಬಯಿಯ ಪಾಲಾಗುವ ಲಕ್ಷಣ ಕಾಣಿಸುತ್ತಿದ್ದಾಗ, ರನ್ನಿಗಾಗಿ ಹೊರಟ ವಾಡೇಕರ್ ಕಾಲು ಜಾರಿ ಬಿದ್ದು ರನ್ ಔಟ್ ಆದರು. ಹದಿನೈದು ವರ್ಷಗಳ ಸಾಮ್ರಾಜ್ಯವೊಂದು ಬೌಲರನ ಚಾತುರ್ಯಕ್ಕಷ್ಟೇ ಅಲ್ಲದೆ ಒಂದು ಜಾರಿದ ಹೆಜ್ಜೆಗೂ ಸೋತಿತು ಎನ್ನಬಹುದು. ಇದನ್ನು ಬರಿಯ ಅದೃಷ್ಟವೆಂದು ತಳ್ಳಿಹಾಕುವವರೂ ಇದ್ದಾರೆ. ಅದು ಸರಿಯಲ್ಲ. ಆ ಜೊತೆಯಾಟ ಮುರಿದ ಬಳಿಕವೂ ಮುಂಬಯಿಯ ಉಳಿದ ವಿಕೆಟ್‌ಗಳನ್ನು ಉರುಳಿಸುವ ಕೆಲಸ ಬಾಕಿ ಇತ್ತು. ಪ್ರಸನ್ನ ಮತ್ತು ಚಂದ್ರಶೇಖರ್ ಆ ಕೆಲಸವನ್ನು ಬಿಡುವಿಲ್ಲದೆ ಮಾಡಿದರು.

ಮುಂಬಯಿ 307 ರನ್ನಿಗೆ ಆಲೌಟ್ ಆಯಿತು. ಕರ್ನಾಟಕಕ್ಕೆ 78 ರನ್ನುಗಳ ಮುನ್ನಡೆ. ನಿಯಮದ ಪ್ರಕಾರ ಕರ್ನಾಟಕ ಇನ್ನು ಮಾಡಬೇಕಾದದ್ದು ಒಂದೇ, ಸಮಯ ಮುಗಿಯುವವರೆಗೆ ಆಡುತ್ತ ಹೋಗುವುದು. ತಂಡ ಅದನ್ನೇ ಮಾಡಿತು. ಪಂದ್ಯ ಡ್ರಾ ಆಯಿತು, ಕರ್ನಾಟಕ ಫೈನಲ್ ಪ್ರವೇಶಿಸಿತು.

ಈ ಪಂದ್ಯದ ಬಗ್ಗೆ ಎರಡು ತಪ್ಪು ಕಲ್ಪನೆಗಳು ಬಳಕೆಯಲ್ಲಿವೆ. ಕರ್ನಾಟಕವು ಮುಂಬಯಿಯನ್ನು ಫೈನಲಿನಲ್ಲಿ ಸೋಲಿಸಿ ಮೊದಲ ಪ್ರಶಸ್ತಿ ಗೆದ್ದಿತೆಂಬುದು ಒಂದು. ಅದು ಸೆಮಿಫೈನಲ್ ಪಂದ್ಯ. ಫೈನಲಿನಲ್ಲಿ ಎದುರಾದದ್ದು ರಾಜಸ್ಥಾನ. ಮುಂಬಯಿ ಆ ಪಂದ್ಯವನ್ನು ಸೋತಿತೆಂಬುದು ಇನ್ನೊಂದು. ಪ್ರಥಮ ದರ್ಜೆಯ ದಾಖಲೆಯಲ್ಲಿ ಅದು ಇಂದಿಗೂ ಡ್ರಾ ಆದ ಪಂದ್ಯವೇ. ಮುಂಬಯಿ ಹೊರಬಿದ್ದದ್ದು ಮುನ್ನಡೆಯ ನಿಯಮದಿಂದ. ಜನರ ನೆನಪು ಈ ಸೂಕ್ಷ್ಮಗಳನ್ನು ಮರೆತು ಪಂದ್ಯವನ್ನು ‘ಮುಂಬಯಿಯನ್ನು ಸೋಲಿಸಿದ ಫೈನಲ್’ ಎಂದು ಕರೆಯುವುದರಲ್ಲಿ ಆಶ್ಚರ್ಯವಿಲ್ಲ. ಪ್ರಶಸ್ತಿ ನಿಜವಾಗಿ ನಿರ್ಧಾರವಾದದ್ದು ಬೆಂಗಳೂರಿನಲ್ಲಿಯೇ.

ಮುಂಬಯಿಯ ಈ ನಿರ್ಗಮನವನ್ನು ಉತ್ತರ ಕರ್ನಾಟಕದ ಕ್ರಿಕೆಟ್ ಪ್ರೇಮಿಗಳು ಹೇಗೆ ಸ್ವೀಕರಿಸಿದರೆಂಬುದು ಬೇರೆಯಾಗಿಯೇ ಬರೆಯಬೇಕಾದ ವಿಷಯ. ಹದಿನೆಂಟು ವರ್ಷಗಳ ಹಿಂದಿನವರೆಗೆ ಮುಂಬಯಿಯೇ ಅವರ ರಾಜಧಾನಿ. ನೌಕರಿಗೆ, ವ್ಯಾಪಾರಕ್ಕೆ ಅವರು ಹತ್ತುತ್ತಿದ್ದದ್ದು ಬೆಂಗಳೂರಿನ ರೈಲನ್ನಲ್ಲ, ಪುಣೆ–ಮುಂಬಯಿಯ ರೈಲನ್ನು. ಆಟದ ಮಾತು ಬಂದಾಗ ಮುಂಬಯಿಯ ಪಕ್ಷ ವಹಿಸುವುದು ಎಷ್ಟೋ ಮನೆಗಳಲ್ಲಿ ಸಹಜವಾಗಿತ್ತು. ಅಂಥವರಿಗೆ ‘ಮೈಸೂರು’ ತಂಡ ಗೆಲ್ಲುವುದಕ್ಕೂ ‘ಕರ್ನಾಟಕ’ ತಂಡ ಗೆಲ್ಲುವುದಕ್ಕೂ ವ್ಯತ್ಯಾಸವಿತ್ತು.

ಜೈಪುರದ ಫೈನಲ್

ಫೈನಲ್ ಪಂದ್ಯ ಜೈಪುರದಲ್ಲಿ ನಡೆಯಿತು. ಮುಂಬಯಿ ಇಲ್ಲದ ಫೈನಲ್ ರಾಜಸ್ಥಾನಕ್ಕೂ ಬಹುಕಾಲದಿಂದ ಕಾದಿದ್ದ ಅವಕಾಶವೇ. ಹನುಮಂತ್ ಸಿಂಗ್, ಸಲೀಂ ದುರಾನಿ ಅವರಂಥ ಆಟಗಾರರನ್ನು ಬೆಳೆಸಿದ್ದ ಆ ತಂಡವು ತವರಿನಲ್ಲಿ ಆಡುತ್ತಿತ್ತು. ಆದರೆ ಕರ್ನಾಟಕ ಇಲ್ಲಿ ಮುನ್ನಡೆಯ ನಿಯಮವನ್ನು ನೆಚ್ಚಿ ಕೂರಲಿಲ್ಲ. 185 ರನ್ನುಗಳಿಂದ ನೇರವಾಗಿ ಗೆದ್ದಿತು. ರಾಜಸ್ಥಾನಕ್ಕೆ ಇದು ಎಂಟನೆಯ ಫೈನಲ್ ಸೋಲು. ಆ ತಂಡ ಕೊನೆಗೂ ಪ್ರಶಸ್ತಿ ಗೆದ್ದದ್ದು 2010–11ರಲ್ಲಿ. ಕರ್ನಾಟಕದ ಸಂತೋಷದ ಬದಿಯಲ್ಲಿ ರಾಜಸ್ಥಾನದ ಈ ಮೂವತ್ತೇಳು ವರ್ಷಗಳ ಕಾಯುವಿಕೆಯನ್ನೂ ನೆನೆಯುವುದು ನ್ಯಾಯ.

ನಂತರದ ಬೆಳವಣಿಗೆ

ಮುಂಬಯಿ ತನ್ನ ಸ್ಥಾನವನ್ನು ಸುಲಭವಾಗಿ ಬಿಟ್ಟುಕೊಡಲಿಲ್ಲ. ಮರುವರ್ಷವೇ, 1974–75ರ ಫೈನಲಿನಲ್ಲಿ, ಅದು ಕರ್ನಾಟಕವನ್ನು ಸೋಲಿಸಿ ಪ್ರಶಸ್ತಿಯನ್ನು ಮರಳಿ ಪಡೆಯಿತು. 1975–76 ಮತ್ತು 1976–77ರಲ್ಲಿಯೂ ಅದೇ ಗೆದ್ದಿತು. ಅಂದರೆ 1958–59ರಿಂದ 1976–77ರವರೆಗಿನ ಹತ್ತೊಂಬತ್ತು ಹಂಗಾಮುಗಳಲ್ಲಿ ಮುಂಬಯಿಯ ಕೈತಪ್ಪಿದ್ದು ಒಂದೇ ಒಂದು, ಅದು 1973–74. ಈ ಗೆಲುವಿನಿಂದ ಮುಂಬಯಿಯ ಯುಗ ಮುಗಿಯಿತೆಂದು ಬರೆಯುವುದು ಉತ್ಪ್ರೇಕ್ಷೆಯಾದೀತು. ಮುಂಬಯಿಯನ್ನು ತಡೆಯಲು ಸಾಧ್ಯವೆಂಬುದನ್ನು ಈ ಹಂಗಾಮು ತೋರಿಸಿತು. ಆ ಬಳಿಕ ಬೇರೆ ತಂಡಗಳೂ ಗೆಲ್ಲತೊಡಗಿದವು. 1977–78ರಲ್ಲಿ ಕರ್ನಾಟಕವು ಉತ್ತರ ಪ್ರದೇಶವನ್ನು ಫೈನಲಿನಲ್ಲಿ ಸೋಲಿಸಿ ಎರಡನೆಯ ಬಾರಿಗೆ ಗೆದ್ದಿತು, 1978–79ರಲ್ಲಿ ದೆಹಲಿ ಕರ್ನಾಟಕವನ್ನು ಸೋಲಿಸಿ ತನ್ನ ಮೊದಲ ಪ್ರಶಸ್ತಿಯನ್ನು ಪಡೆಯಿತು. 1981–82ರ ಫೈನಲಿನಲ್ಲಿ ಕರ್ನಾಟಕ 705 ರನ್ ಗಳಿಸಿಯೂ ಸೋತದ್ದು ಇನ್ನೊಂದು ದಾಖಲೆ. ದೆಹಲಿ 8 ವಿಕೆಟ್ ನಷ್ಟಕ್ಕೆ 707 ಗಳಿಸಿ, ಎಂಟು ವರ್ಷಗಳ ಹಿಂದೆ ಕರ್ನಾಟಕಕ್ಕೆ ವರವಾಗಿದ್ದ ಮುನ್ನಡೆಯ ನಿಯಮದಿಂದಲೇ ಗೆದ್ದಿತು. ಮುಂಬಯಿಯನ್ನು ಫೈನಲಿನಲ್ಲಿಯೇ ಹಿಂದಿಕ್ಕುವ ಆಸೆ 1982–83ರಲ್ಲಿ ಈಡೇರಿತು. ಅದೂ ಮುಂಬಯಿಯ ನೆಲದಲ್ಲಿ, ಮೊದಲ ಇನಿಂಗ್ಸಿನ ಮುನ್ನಡೆಯ ಮೇಲೆ. ಮುಂದೆ 1995–96, 1997–98, 1998–99, 2013–14 ಮತ್ತು 2014–15ರಲ್ಲಿ ಕರ್ನಾಟಕ ಪ್ರಶಸ್ತಿ ಗೆದ್ದಿತು. 1990ರ ದಶಕದ ತಂಡದಲ್ಲಿ ಗದಗಿನ ಸುನೀಲ್ ಜೋಶಿ ಅವರು ಪ್ರಮುಖ ಸ್ಪಿನ್ನರ್ ಆಗಿದ್ದರು. ರಾಜ್ಯದ ಹೆಸರು ಹೊಸದಾಗಿದ್ದಾಗ ಬೆಂಗಳೂರು–ಮೈಸೂರುಗಳ ಸುತ್ತಲೇ ಇದ್ದ ಆಟ ಉತ್ತರಕ್ಕೂ ಹಬ್ಬಿದ್ದಕ್ಕೆ ಅವರೊಂದು ನಿದರ್ಶನ.

ಈ ಹಂಗಾಮು ಮುಗಿದ ಬೆನ್ನಲ್ಲೇ, 1974ರ ಬೇಸಿಗೆಯಲ್ಲಿ, ವಾಡೇಕರ್ ನಾಯಕತ್ವದ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಸೆಮಿಫೈನಲಿನಲ್ಲಿ ಎದುರುಬದುರಾಗಿದ್ದ ಗಾವಸ್ಕರ್, ಮಂಕಡ್, ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್, ಕಿರ್ಮಾನಿ ಅಲ್ಲಿ ಒಂದೇ ತಂಡದಲ್ಲಿದ್ದರು; ಬ್ರಿಜೇಶ್ ಪಟೇಲ್ ಆ ಪ್ರವಾಸದಲ್ಲಿ ತಮ್ಮ ಮೊದಲ ಟೆಸ್ಟ್ ಆಡಿದರು. ಪ್ರವಾಸ ದುರಂತವಾಯಿತು. ಮೂರೂ ಟೆಸ್ಟ್‌ಗಳನ್ನು ಸೋತು, ಲಾರ್ಡ್ಸ್‌ನಲ್ಲಿ 42 ರನ್ನಿಗೆ ಭಾರತ ಆಲೌಟ್ ಆಯಿತು. ವಾಡೇಕರ್ ಅವರು ಆ ಬಳಿಕ ಹೆಚ್ಚು ಕಾಲ ಆಡಲಿಲ್ಲ.

ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನ ಮೈದಾನದಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆಯಿತು. ವೆಸ್ಟ್ ಇಂಡೀಸ್ 267 ರನ್ನುಗಳಿಂದ ಗೆದ್ದ ಆ ಪಂದ್ಯದಲ್ಲಿ ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಟೆಸ್ಟ್ ಜೀವನವನ್ನು ಆರಂಭಿಸಿದರು.

ಆಟಗಾರರ ಮುಂದಿನ ಬದುಕು

ಪ್ರಸನ್ನ 49 ಟೆಸ್ಟ್‌ಗಳಲ್ಲಿ 189, ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದು ನಿವೃತ್ತರಾದರು. ಪ್ರಸನ್ನ ಅವರ ಆತ್ಮಕಥೆ 1977ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ವಿಶ್ವನಾಥ್ ಭಾರತದ ನಾಯಕರೂ ಆಗಿ, ಬಳಿಕ ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾಗಿ ಕೆಲಸ ಮಾಡಿದರು. ಕಿರ್ಮಾನಿ ಅವರ ಸರದಿ 1976ರಲ್ಲಿ ಬಂದಿತು; 1983ರಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದ ವಿಕೆಟ್ ಕೀಪರ್ ಅವರೇ. ಸುಧಾಕರ್ ರಾವ್ ಭಾರತದ ಪರ ಒಂದು ಏಕದಿನ ಪಂದ್ಯ ಆಡಿದರು. ಬ್ರಿಜೇಶ್ ಪಟೇಲ್ ಮುಂದೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯಾಗಿ ಬಹುಕಾಲ ದುಡಿದರು.

ಎ. ವಿ. ಜಯಪ್ರಕಾಶ್ ಅವರಿಗೆ ಭಾರತದ ಪರವಾಗಿ ಆಡುವ ಅವಕಾಶ ದೊರೆಯಲಿಲ್ಲ. ಅವರು ಅಂಪೈರ್ ಆದರು. 1999ರ ಫೆಬ್ರವರಿಯಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆ ಪಾಕಿಸ್ತಾನದ ಒಂದು ಇನಿಂಗ್ಸಿನ ಹತ್ತೂ ವಿಕೆಟ್‌ಗಳನ್ನು ಪಡೆದಾಗ, ಬೌಲರನ ತುದಿಯಲ್ಲಿ ನಿಂತು ಬೆರಳೆತ್ತಿದ ಅಂಪೈರ್ ಅವರೇ.